ಅಗ್ಗದ ಮಾಲಿನ ಪರೀಕ್ಷೆ

ಪಾವಗಡದ ಸಂತೆಯಲ್ಲಿ ಕಡಲೆಕಾಯಿ ಕೊಳ್ಳುವಾಗ ಎರಡು ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳದೆ ನಾವು ಚೀಲ ಬಿಚ್ಚುವುದಿಲ್ಲ. ಹಿತ್ತಾಳೆ ಚೆಂಬನ್ನು ತಟ್ಟಿ ನೋಡುತ್ತೇವೆ, ಸೀರೆಯ ಸೆರಗನ್ನು ಒಳಮಗ್ಗುಲು ತಿರುಗಿಸಿ ನೋಡುತ್ತೇವೆ. ಆದರೆ ಮಧುಗಿರಿಯಲ್ಲೋ ಶಿರಾದಲ್ಲೋ ಕೊರಟಗೆರೆಯಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಯ ಮೆಟ್ಟಿಲು ಹತ್ತಿದೊಡನೆ, "ನಮಗೇನು ತಿಳಿಯುತ್ತೆ" ಎಂದು ಮಗನನ್ನೋ ಅಳಿಯನನ್ನೋ ಮುಂದೆ ಬಿಡುತ್ತೇವೆ. ದುಡ್ಡು ನಮ್ಮದು, ತೀರ್ಪು ಇನ್ನೊಬ್ಬರದು! ಈ ಸಂಕೋಚ ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ಅಗ್ಗವೆಂಬುದೇ ದೋಷವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಅಲ್ಲಿ ಒಳ್ಳೆಯದೂ ಕಳಪೆಯೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ನಮ್ಮೂರ ಗಾಜಿನ ಕಪಾಟುಗಳಲ್ಲೂ ಅಷ್ಟೇ. ಮೌಸು, ಕೀಬೋರ್ಡುಗಳನ್ನು ಧಾರಾಳವಾಗಿ ಚೌಕಾಸಿ ಮಾಡಿ. ಅಂಗಡಿಯಲ್ಲೇ ಜೋಡಿಸಿ ಪ್ರತಿ ಕೀಲಿ ಒತ್ತಿ ನೋಡಬಹುದು; ಕೆಟ್ಟರೂ ನಷ್ಟ ಸಣ್ಣದು.

ಕರೆಂಟು ಹರಿಯುವ ಸಾಮಾನಿನ ಮಾತು ಬೇರೆ. ಚಾರ್ಜರ್, ಅಡಾಪ್ಟರುಗಳನ್ನು ಅಗ್ಗ ಮಾಡುವಾಗ ಒಳಗಿನ ರಕ್ಷಣೆಯ ಭಾಗಗಳಿಗೇ ಕತ್ತರಿ ಬೀಳುವುದುಂಟು. ಪಿನ್ನು ಕೂತರೆ ಸಾಲದು. ಲ್ಯಾಪ್‌ಟಾಪ್ 19 ವೋಲ್ಟ್ ಬೇಡಿದರೆ ಅಡಾಪ್ಟರಿನ ಮೇಲೂ 19 ಎಂದೇ ಇರಬೇಕು, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಬಿ.ಐ.ಎಸ್. ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯೇ ನೋಡಿ. ಅದು ಖರೆಯೋ ಸುಳ್ಳೋ ಎಂದು 'ಬಿ.ಐ.ಎಸ್. ಕೇರ್' ಎಂಬ ಆ್ಯಪ್‌ನಲ್ಲಿ ಅಂಗಡಿಯಲ್ಲಿ ನಿಂತೇ ತಿಳಿಯಬಹುದು.

ಕಣ್ಣಿಗೂ ಕೈಗೂ ಸಿಗದೆ ಮೋಸ ಮಾಡುವುದು ಪೆನ್ ಡ್ರೈವ್. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ನಾನೂರು ರೂಪಾಯಿಗೆ 2 ಟಿ.ಬಿ. ಎಂದು ಬರೆದಿದ್ದ ಒಂದನ್ನು ಕೊಂಡರು. ಅತ್ತೆಯವರ ಕೊನೆಯ ಯುಗಾದಿಯ ಫೋಟೋಗಳನ್ನು ಅದಕ್ಕೆ ತುಂಬಿ, ಮೊಬೈಲಿನಿಂದ ಅಳಿಸಿದರು. ಆಮೇಲೆ ನೋಡಿದರೆ ಫೋಟೋಗಳ ಹೆಸರು ಇವೆ, ಒಂದೂ ತೆರೆಯದು. ಇಂಥ ಮಾಲಿನೊಳಗೆ ಜಾಗ ಸ್ವಲ್ಪವೇ ಇರುತ್ತದೆ. ಹೆಚ್ಚು ಇದೆಯೆಂದು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಹೊಳೆಗೆ ಸುರಿದ ಹಾಗೆ. ಆದ್ದರಿಂದ ಹೊಸ ಪೆನ್ ಡ್ರೈವನ್ನು ಮೊದಲು ಬೇಡದ ಸಿನಿಮಾಗಳಿಂದ ಪೂರ್ತಿ ತುಂಬಿಸಿ, ತೆರೆದು ನೋಡಿ. ಮೂಲಪ್ರತಿಯನ್ನು ಮಾತ್ರ ಅಳಿಸಬೇಡಿ.

ಆ ತಾಯಿಗೆ ಅಂಗಡಿಯವನು "ಮಾರಿದ ಮಾಲು ವಾಪಸಿಲ್ಲ" ಎಂದನಂತೆ. ಆದರೆ 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಹಾಗೆಯೇ. ದೂರಿಗೆ 1915 ಎಂಬ ಸಹಾಯವಾಣಿ ಇದೆ. ಆಕೆಯ ಕೈಯಲ್ಲಿ ಬಿಲ್ ಇರಲಿಲ್ಲ. "ಬಿಲ್ ಬೇಡ ಅಂದರೆ ಐವತ್ತು ಕಡಿಮೆ" ಎಂದಿದ್ದರಂತೆ!

ಆ ಐವತ್ತು ರೂಪಾಯಿ ರಿಯಾಯಿತಿಯಲ್ಲ, ನಮ್ಮ ಬಾಯಿ ಕಟ್ಟುವ ಬೆಲೆ. ಮಾಲನ್ನು ಹೊಗಳುವ ಅಂಗಡಿಗಿಂತ, ಕೇಳುವ ಮೊದಲೇ ಬಿಲ್ ಬರೆದು, "ಮನೇಲಿ ತುಂಬಿಸಿ ನೋಡಿ ಅಮ್ಮ, ಸರಿಯಿಲ್ಲದಿದ್ದರೆ ತನ್ನಿ" ಎನ್ನುವ ಅಂಗಡಿ ನಮ್ಮ ಊರುಗಳಲ್ಲೂ ಉಂಟು. ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ನಾನು ಅಲ್ಲಿಗೇ ಹೋಗುತ್ತೇನೆ.