ಡಬ್ಬಿಗೆ ಬೀಳದ ಜೇಡಗಳು

ಜೇಡ ಸಂಗ್ರಹಕಾರರು ಬರೆಯುವ ಪ್ರವಾಸ ವರದಿಗಳನ್ನು ನೀವು ಓದಿದ್ದೀರಾ? ಅವುಗಳಿಗೊಂದು ಸಿದ್ಧ ಅಚ್ಚಿದೆ. ಬೆಳಗ್ಗೆ ಎಷ್ಟು ಗಂಟೆಗೆ ಹೊರಟೆವು, ರಸ್ತೆ ಎಲ್ಲಿ ಕೆಟ್ಟಿತ್ತು, ಬುತ್ತಿಯಲ್ಲಿ ಏನಿತ್ತು, ಹಾವು ಎದುರಾಯಿತೇ ಇಲ್ಲವೇ, ಕೊನೆಗೆ ‘ಒಟ್ಟು ಇಷ್ಟು ಪ್ರಭೇದಗಳು ದೊರೆತವು’. ಓದಲು ಸೊಗಸು, ಒಪ್ಪುತ್ತೇನೆ. ನನ್ನ ತಕರಾರು ಇರುವುದು ಆ ಕೊನೆಯ ಸಂಖ್ಯೆಯ ಬಗ್ಗೆ.

ಭೌತವಿಜ್ಞಾನದ ಮೇಷ್ಟ್ರಿಗೆ ಜೇಡದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನು ಅಮೆರಿಕದ ಐಡಹೋ ರಾಜ್ಯಕ್ಕೆ ಹೋದದ್ದು ಜೇಡಕ್ಕಾಗಿ ಅಲ್ಲ, ಒಂದು ಹಳೆಯ ಪರಮಾಣು ಸ್ಥಾವರವನ್ನು ನೋಡಲು. ಆರ್ಕೊ ಎಂಬ ಊರಿನ ಬಳಿ ಇರುವ ಇಬಿಆರ್-1 ಸ್ಥಾವರದಲ್ಲಿ 1951ರ ಡಿಸೆಂಬರ್ 20ರಂದು ಪರಮಾಣು ಶಕ್ತಿಯ ವಿದ್ಯುತ್ತಿನಿಂದ ನಾಲ್ಕು ಬಲ್ಬುಗಳನ್ನು ಬೆಳಗಿಸಿದರು. ಈಗ ಅದು ವಸ್ತುಸಂಗ್ರಹಾಲಯ. ಹೊರಗೆ ಬಂದು ನಿಂತರೆ ಕಣ್ಣು ಹಾಯುವಷ್ಟು ದೂರವೂ ಬೂದುಬಣ್ಣದ ಪೊದೆ. ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರ, ವರ್ಷಕ್ಕೆ ಸುಮಾರು 22 ಸೆಂ.ಮೀ. ಮಳೆ. ಈ ಪೊದೆಯೇ ಸೇಜ್‌ಬ್ರಷ್. ಎಲೆಯೊಂದನ್ನು ಹೊಸಕಿ ಮೂಸಿದಾಗ ನನಗೆ ಊರಿನ ತೇರು ನೆನಪಾಯಿತು. ಕಾರಣವಿದೆ. ನಮ್ಮ ಹೂಮಾಲೆಗಳಲ್ಲಿ ಕಟ್ಟುವ ದವನ ಮತ್ತು ಈ ಪೊದೆ ಎರಡೂ ಆರ್ಟಿಮೀಸಿಯ ಕುಲಕ್ಕೆ ಸೇರಿದವು. ಎಲೆಯ ತುದಿಯಲ್ಲಿ ಮೂರು ಹಲ್ಲುಗಳಿರುವುದರಿಂದ ಇದರ ಹೆಸರು ಆರ್ಟಿಮೀಸಿಯ ಟ್ರೈಡೆಂಟೇಟ.

ನನ್ನ ಆತಿಥೇಯರು ಜೀವವಿಜ್ಞಾನದ ಅಧ್ಯಾಪಕರು, ಜೇಡದ ಹುಚ್ಚಿನವರು. ಜುಲೈ ಕೊನೆಯ ವಾರ. ಪ್ರಯೋಗಾಲಯದ ಬೇಲಿಯಾಚೆಯ ಸಾರ್ವಜನಿಕ ಭೂಮಿಗೆ ನಮ್ಮ ಸವಾರಿ. ನಾವು ಮೂವರು. ಕೆಲಸ ಸರಳ. ಪೊದೆಯ ಕೆಳಗೆ ಬಿಳಿಯ ಬಟ್ಟೆಯ ಚೌಕಟ್ಟು ಹಿಡಿದು ಕೋಲಿನಿಂದ ರೆಂಬೆಗೆ ನಾಲ್ಕು ಏಟು ಹಾಕುವುದು. ಉದುರಿದ ಕಸದಲ್ಲಿ ಓಡುವುದೇನಿದ್ದರೂ ಹೀರುಕೊಳವೆಯಿಂದ ಎಳೆದು ಮದ್ಯಸಾರದ ಸೀಸೆಗೆ ಹಾಕುವುದು. ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಸ್ಥಳ, ಎತ್ತರ, ದಿನಾಂಕ, ಹಿಡಿದವರ ಹೆಸರು. ಮೊದಲ ಅರ್ಧ ಗಂಟೆ ನನಗೆ ಕಂಡದ್ದು ಬರೀ ಕಸ. ಆಮೇಲೆ ಕಸದ ಒಂದು ಚೂರು ಅಡ್ಡಡ್ಡ ಓಡಿತು. ಅದು ಫಿಲೋಡ್ರೋಮಸ್ ಕುಲದ ಜೇಡ. ಮೈಬಣ್ಣ ಪೊದೆಯ ತೊಗಟೆಯ ಬೂದುಬಣ್ಣದ್ದೇ. ಕದಲದಿದ್ದರೆ ನನಗೆ ಅದು ‘ಇಲ್ಲ’ವೇ ಆಗಿರುತ್ತಿತ್ತು.

ವರದಿ ಎರಡು ವಾರಗಳ ನಂತರ ಬಂತು. ಸಾರಾಂಶ ಇಷ್ಟೆ: ‘ನಾಲ್ಕು ಗಂಟೆ, 11 ಪ್ರಭೇದ. ಒಣ ವರ್ಷ, ಜೇಡಗಳು ಕಡಿಮೆ.’ ಉಳಿದ ಮುಕ್ಕಾಲು ಪುಟ ನಮ್ಮ ಕಾರಿನ ಪಂಕ್ಚರಿಗೆ ಮೀಸಲು!

ಜೇಡಗಳು ಕಡಿಮೆ ಎಂಬ ತೀರ್ಮಾನಕ್ಕೆ ಆಧಾರವೇನು? ಅವರ ಟಿಪ್ಪಣಿ ಪುಸ್ತಕವನ್ನು ನಾನು ನೋಡಿದ್ದೆ. ಅಲ್ಲಿ ಬೇರೆಯೇ ಚಿತ್ರವಿತ್ತು. ಸಿಕ್ಕಿದ್ದು 64 ಜೇಡಗಳು. ಅವುಗಳಲ್ಲಿ 41 ಮರಿಗಳು. ಜೇಡದ ಪ್ರಭೇದವನ್ನು ಖಚಿತವಾಗಿ ಗುರುತಿಸಲು ಸಾಮಾನ್ಯವಾಗಿ ವಯಸ್ಕ ಜೀವಿಯ ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗಾಗಿ ಹೆಚ್ಚಿನ ಮರಿಗಳಿಗೆ ಹೆಸರಿಲ್ಲ, ಪಟ್ಟಿಯಲ್ಲಿ ಜಾಗವೂ ಇಲ್ಲ. ಉಳಿದ 23 ವಯಸ್ಕರಿಂದ ಬಂದದ್ದು ಆ 11 ಪ್ರಭೇದ. ಅಂದರೆ ವರದಿ ಹೇಳುತ್ತಿರುವುದು ‘ಈ ಬಯಲಿನಲ್ಲಿ ಯಾವ ಜೇಡಗಳಿವೆ’ ಎಂದಲ್ಲ. ‘ಜುಲೈ ಕೊನೆಯಲ್ಲಿ, ಹಗಲಿನಲ್ಲಿ, ಕೋಲಿನ ಏಟಿಗೆ ಉದುರುವ ಯಾವ ಜೇಡಗಳು ವಯಸ್ಕವಾಗಿದ್ದವು’ ಎಂದು. ಎರಡೂ ಒಂದೇ ಅಲ್ಲವಲ್ಲ!

ಇನ್ನೊಂದು ಸಂಖ್ಯೆ ಆ ಪುಸ್ತಕದಲ್ಲಿತ್ತು. 11ರಲ್ಲಿ 6 ಪ್ರಭೇದಗಳು ಒಂದೇ ಒಂದು ಸಲ ಸಿಕ್ಕಿದ್ದವು. ಇದಕ್ಕೆ ಬೆಲೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗೂಢಲಿಪಿ ಬಿಡಿಸುತ್ತಿದ್ದ ಅಲನ್ ಟ್ಯೂರಿಂಗ್‌ಗೆ ಹೊಳೆದ, 1953ರಲ್ಲಿ ಐ.ಜೆ. ಗುಡ್ ಪ್ರಕಟಿಸಿದ ಒಂದು ಸೂತ್ರದ ಪ್ರಕಾರ, ಮುಂದಿನ ಜೇಡ ಈವರೆಗೆ ಕಾಣದ ಪ್ರಭೇದದ್ದಾಗಿರುವ ಸಂಭವನೀಯತೆ ಹೆಚ್ಚುಕಡಿಮೆ ಒಂಟಿ ಪ್ರಭೇದಗಳ ಸಂಖ್ಯೆಯನ್ನು ಒಟ್ಟು ಜೀವಿಗಳ ಸಂಖ್ಯೆಯಿಂದ ಭಾಗಿಸಿದಷ್ಟು. ಇಲ್ಲಿ 6ನ್ನು 23ರಿಂದ ಭಾಗಿಸಿದರೆ ಶೇಕಡ 26. ನಾವು ಕೋಲು ಕೆಳಗಿಟ್ಟಾಗ, ಮುಂದೆ ಹೆಸರು ಹಚ್ಚಬಹುದಾದ ಪ್ರತಿ ನಾಲ್ಕು ಜೇಡಗಳಲ್ಲಿ ಒಂದು ಹೊಸದಾಗಿರಬಹುದಿತ್ತು! ಬಡ ಬಯಲಿನ ಲಕ್ಷಣ ಇದಲ್ಲ, ಅರ್ಧಕ್ಕೆ ನಿಂತ ಹುಡುಕಾಟದ್ದು. ವರದಿ 64, 41, 23, 6 ಎಂಬ ನಾಲ್ಕು ಸಂಖ್ಯೆಗಳನ್ನು ಬಿಟ್ಟು, ಅವುಗಳಿಲ್ಲದೆ ಅರ್ಥವಾಗದ 11ನ್ನು ಮಾತ್ರ ಉಳಿಸಿಕೊಂಡಿತು.

ಕೋಲನ್ನು ನಂಬದವರು ನೆಲದಲ್ಲಿ ಡಬ್ಬಿ ಹೂಳುತ್ತಾರೆ. ಬಾಯಿ ನೆಲಕ್ಕೆ ಸಮವಾಗಿರುವಂತೆ ಹೂತರೆ ನಡೆದಾಡುವ ಜೇಡ ಅದರೊಳಗೆ ಬೀಳುತ್ತದೆ. ಮನುಷ್ಯನ ಕಣ್ಣಿನ ದೋಷ ಇಲ್ಲಿಲ್ಲ ಎಂಬುದು ಅವರ ವಾದ. ಆದರೆ ಡಬ್ಬಿ ಎಣಿಸುವುದು ಏನನ್ನು? ಅನಿಲಗಳ ಚಲನ ಸಿದ್ಧಾಂತವನ್ನು ಓದಿದವರು ಇದನ್ನು ಒಂದು ನಿಮಿಷದಲ್ಲಿ ಬಿಡಿಸಬಹುದು. ಗೋಡೆಗೆ ಬಡಿಯುವ ಅಣುಗಳ ಬದಲು ಅಂಚು ದಾಟುವ ಜೇಡಗಳು, ಮೂರು ಆಯಾಮಗಳ ಬದಲು ಎರಡು. ಜೇಡಗಳು ಎಲ್ಲ ದಿಕ್ಕುಗಳಲ್ಲೂ ಸಮನಾಗಿ, ಡಬ್ಬಿಯ ಗಾತ್ರಕ್ಕೆ ಹೋಲಿಸಿದರೆ ಬಹುದೂರ ನೇರವಾಗಿ ನಡೆಯುತ್ತವೆ ಎಂದುಕೊಳ್ಳಿ. ಆಗ ಗಂಟೆಗೆ ಬೀಳುವ ಜೇಡಗಳ ಸಂಖ್ಯೆ ಎಂದರೆ ಸಾಂದ್ರತೆ, ಸರಾಸರಿ ವೇಗ ಮತ್ತು ಡಬ್ಬಿಯ ವ್ಯಾಸ ಇವುಗಳ ಗುಣಲಬ್ಧ.

ಒಂದು ಕಲ್ಪಿತ ಉದಾಹರಣೆ. ಡಬ್ಬಿಯ ಬಾಯಿ 10 ಸೆಂ.ಮೀ. ಅಲೆಮಾರಿ ಜೇಡ ಚದರ ಮೀಟರಿಗೆ ಒಂದು, ಅದರ ವೇಗ ಗಂಟೆಗೆ 1 ಮೀಟರ್. ದಿನಕ್ಕೆ 2.4 ಬೀಳುತ್ತವೆ. ಇನ್ನೊಂದು ಸೋಮಾರಿ ಜೇಡ ಚದರ ಮೀಟರಿಗೆ ಹತ್ತು, ವೇಗ ಗಂಟೆಗೆ 1 ಸೆಂ.ಮೀ. ದಿನಕ್ಕೆ ಬೀಳುವುದು 0.24. ಬಯಲಿನಲ್ಲಿ ಸೋಮಾರಿಯದು ಹತ್ತು ಪಟ್ಟು ಬಹುಮತ, ಡಬ್ಬಿಯಲ್ಲಿ ಅಲೆಮಾರಿಯದು! ಬಿಲದ ಬಾಯಲ್ಲೇ ಕುಳಿತು ಬೇಟೆಯಾಡುವ ಜೇಡಕ್ಕಂತೂ ಡಬ್ಬಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹೆಣ್ಣನ್ನು ಹುಡುಕಿ ಹೊರಟ ಗಂಡು ತೋಳಜೇಡಗಳು ಡಬ್ಬಿಯಲ್ಲಿ ರಾಶಿ ಬೀಳುವುದು ಇದೇ ಕಾರಣಕ್ಕೆ.

ಹಾಗಾದರೆ ಈ ಪೊದೆಗಳಲ್ಲಿ ಒಳ್ಳೆಯ ಕೆಲಸ ಆಗಿಲ್ಲವೇ? ಆಗಿದೆ. ಯೂಟಾ ರಾಜ್ಯದ ಹ್ಯಾಟ್ಲಿ ಮತ್ತು ಮ್ಯಾಕ್‌ಮಹನ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಅಚ್ಚುಮೆಚ್ಚು. ಅವರು ಸೇಜ್‌ಬ್ರಷ್‌ನ ಕೆಲವು ಪೊದೆಗಳನ್ನು ಕತ್ತರಿಸಿ ತೆಳುವಾಗಿಸಿದರು, ಕೆಲವನ್ನು ಹಗ್ಗದಿಂದ ಬಿಗಿದು ದಟ್ಟವಾಗಿಸಿದರು, ಕೆಲವನ್ನು ಹಾಗೇ ಬಿಟ್ಟರು. ಬಿಗಿದ ಪೊದೆಗಳಲ್ಲಿ ಜೇಡದ ಪ್ರಭೇದಗಳು ಹೆಚ್ಚಿದವು. ಗಿಡ ಅದೇ, ಮಣ್ಣು ಅದೇ. ಬದಲಾದದ್ದು ರೆಂಬೆಗಳ ಜೋಡಣೆ ಮಾತ್ರ. ಒಂದನ್ನು ಬದಲಿಸಿ ಉಳಿದುದನ್ನು ಹಾಗೇ ಇಡುವ ಈ ಶಿಸ್ತು ನೂರು ಪಟ್ಟಿಗಳಿಗೆ ಸಮ ಎನ್ನುವುದು ನನ್ನ ಅಭಿಪ್ರಾಯ. ಆದರೂ ಒಂದು ಅನುಮಾನ. ಇದನ್ನು ಯಾರಾದರೂ ಕೋಲು ಹಿಡಿದು ಮತ್ತೆ ಮಾಡುವುದಾದರೆ, ಬಿಗಿದ ಪೊದೆಯೂ ಸಡಿಲ ಪೊದೆಯೂ ಒಂದೇ ಏಟಿಗೆ ಒಂದೇ ಪ್ರಮಾಣದಲ್ಲಿ ಜೇಡ ಉದುರಿಸುತ್ತವೆಯೇ ಎಂಬುದನ್ನು ಮೊದಲು ಅಳೆಯಬೇಕು.

ಇಷ್ಟೊಂದು ಜಗಳ ಏಕೆ? ಆ ಬಯಲು ಉರಿಯುತ್ತಿದೆ. ಹೊರಗಿನಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ಬೇಸಿಗೆಯ ಆರಂಭದಲ್ಲೇ ಒಣಗಿ ಬೆಂಕಿಗೆ ಹಾಸಿಗೆಯಾಗುತ್ತದೆ. ಉರಿದುಹೋದ ಈ ದೊಡ್ಡ ಸೇಜ್‌ಬ್ರಷ್ ಬುಡದಿಂದ ಚಿಗುರುವುದಿಲ್ಲ, ಬೀಜದಿಂದಲೇ ಬರಬೇಕು. ಅಷ್ಟರಲ್ಲಿ ಹುಲ್ಲು ಮತ್ತೆ ಉರಿದಿರುತ್ತದೆ. ಪೊದೆ ಹೋದರೆ ಪೊದೆಯ ಜೇಡವೂ ಹೋಗುತ್ತದೆ. ಹೋಯಿತೆಂದು ಹೇಳಲು ಹಳೆಯ ದಾಖಲೆ ಬೇಕಲ್ಲ! ಅದೇ ಪರಮಾಣು ಪರೀಕ್ಷಾ ಕೇಂದ್ರದ ಜೇಡಗಳ ಬಗ್ಗೆ ಡೊರಾಲ್ಡ್ ಆಲ್‌ರೆಡ್ 1969ರಲ್ಲೇ ಪ್ರಕಟಿಸಿದ್ದರು. ನಮ್ಮ ‘11’ನ್ನು ಅದರ ಪಕ್ಕದಲ್ಲಿಟ್ಟರೆ ಯಾರಿಗೂ ಏನೂ ತಿಳಿಯದು. ನಾಳೆ ಅಲ್ಲೇ 7 ಪ್ರಭೇದ ಸಿಕ್ಕರೆ ಅದು ಬೆಂಕಿಯ ಫಲವೋ, ಮಧ್ಯಾಹ್ನದ ಬಿಸಿಲಿಗೆ ಬೇಗ ಮನೆಗೆ ಹೋದದ್ದರ ಫಲವೋ?

ಇದನ್ನೆಲ್ಲ ಸ್ನೇಹಿತರಿಗೆ ಬರೆದೆ. ಅವರು ಸಿಟ್ಟಾಗಲಿಲ್ಲ. ‘ಸಂಖ್ಯೆ ಹಾಕಿದರೆ ಯಾರೂ ಓದುವುದಿಲ್ಲ, ಪಂಕ್ಚರಾದರೆ ಎಲ್ಲರೂ ಓದುತ್ತಾರೆ’ ಎಂದು ಉತ್ತರಿಸಿದರು. ಜೊತೆಗೆ ಒಂದು ಸೀಸೆಯ ಫೋಟೊ ಕಳಿಸಿದ್ದರು. ಒಳಗೆ ವಯಸ್ಕ ಹೆಣ್ಣು, ಪುಟ್ಟ ಹಾಳೆಬಲೆ ಜೇಡ, ಆ 11ರಲ್ಲಿ ಇಲ್ಲದ ಪ್ರಭೇದ. ಚೀಟಿ ಇರಲಿಲ್ಲ. ಆ ದಿನ ನಾವು ಇಳಿಹೊತ್ತಿನಲ್ಲಿ ಇಪ್ಪತ್ತು ಕಿಲೋಮೀಟರ್ ಆಚೆಯ ತೊರೆಯ ಬಳಿಯೂ ನಿಂತಿದ್ದೆವು. ಸೀಸೆ ನನ್ನ ಜೇಬಿನಿಂದ ಬಂದದ್ದು. ಜೇಡವನ್ನು ಪೊದೆಯಿಂದ ಹಿಡಿದೆನೋ ತೊರೆಯ ದಡದಿಂದಲೋ ಎಂದು ಅವರು ಕೇಳಿದ್ದರು. ನನಗೆ ಆಗಲೂ ನೆನಪಾಗಲಿಲ್ಲ, ಈಗಲೂ ಇಲ್ಲ. ಪಟ್ಟಿ 11ರಲ್ಲೇ ಉಳಿಯಿತು.