ಸುದ್ದಿಗನ್ನಡದ ಸವಕಲು ಮಾತು

‘ಸಚಿವರು ಸ್ಥಳಕ್ಕೆ ಭೇಟಿಯನ್ನು ಕೊಡುವಂತಹ ಕೆಲಸವನ್ನು ಮಾಡಿರುವಂಥದ್ದು. ಈ ಒಂದು ಸಂದರ್ಭದಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿರುವಂಥದ್ದನ್ನು ನಾವು ಗಮನಿಸಬಹುದು.’ ಕನ್ನಡದ ಸುದ್ದಿವಾಹಿನಿಗಳನ್ನು ನೋಡುವವರಿಗೆಲ್ಲ ಈ ಧಾಟಿ ಬಾಯಿಪಾಠವಾಗಿದೆ. ಇಷ್ಟುದ್ದದ ಮಾತಿನಲ್ಲಿರುವ ಸುದ್ದಿ ಇಷ್ಟೇ: ಸಚಿವರು ಬಂದರು, ಅಧಿಕಾರಿಗಳನ್ನು ಬೈದರು. ಯಾವ ಅಧಿಕಾರಿ, ಯಾವ ಕೆಲಸ ಮಾಡದೆ ಬೈಸಿಕೊಂಡರು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ.

‘ಅಂತಹ’ ಎಂಬುದಕ್ಕೆ ಕನ್ನಡದಲ್ಲಿ ತನ್ನದೇ ಕೆಲಸವಿದೆ. ‘ಅಂಥ ಮಳೆ ಮತ್ತೆ ಬರಲಿಲ್ಲ’, ‘ಅವಳಂಥ ಮಗಳು ಸಿಗಬೇಕಲ್ಲ’ ಎನ್ನುವಾಗ ಆ ಪದ ಹೋಲಿಕೆಯನ್ನೂ ಬೆರಗನ್ನೂ ಒಟ್ಟಿಗೆ ಹೊರುತ್ತದೆ. ‘ಬಂದ ಬಸ್ಸು’, ‘ಬೀಳುವ ಗೋಡೆ’ ಎಂದರೆ ಕನ್ನಡದಲ್ಲಿ ಅಲ್ಲಿಗೇ ಅರ್ಥ ಪೂರ್ತಿ. ಅದನ್ನು ‘ಬಂದಿರುವಂತಹ ಬಸ್ಸು’ ಮಾಡಿದರೆ ಬಸ್ಸಿನ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ. ಮಾತಾಡುವವರಿಗೆ ಅರ್ಧ ಕ್ಷಣ ಉಸಿರು ಸಿಗುತ್ತದೆ, ಅಷ್ಟೆ.

ಆ ಉಸಿರು ಬೇಕಾಗಿದ್ದಕ್ಕೆ ಕಾರಣವೂ ಇದೆ. ಆಕಾಶವಾಣಿಯ ಪ್ರದೇಶ ಸಮಾಚಾರವನ್ನು ಮೊದಲೇ ಬರೆದು, ತಿದ್ದಿ, ಗಡಿಯಾರಕ್ಕೆ ಹೊಂದಿಸಿ ಓದುತ್ತಿದ್ದರು. ಒಂದು ಪದ ಹೆಚ್ಚಾದರೆ ಇನ್ನೊಂದು ಸುದ್ದಿಗೆ ಜಾಗವಿರುತ್ತಿರಲಿಲ್ಲ. ದಿನದ 24 ಗಂಟೆಯೂ ಸುದ್ದಿ ಕೊಡುವ ವಾಹಿನಿಗಳು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಸುದ್ದಿ ಚೂರು, ಸಮಯ ರಾಶಿ. ಮಳೆಯಲ್ಲಿ ಮೈಕ್ ಹಿಡಿದು ನಿಂತ ವರದಿಗಾರನನ್ನು ಸ್ಟುಡಿಯೋದಿಂದ ಐದೈದು ನಿಮಿಷಕ್ಕೆ ‘ಅಲ್ಲಿನ ಅಪ್‌ಡೇಟ್ ಏನಿದೆ’ ಎಂದು ಕೇಳುತ್ತಾರೆ. ಅವನ ಹತ್ತಿರ ಇರುವುದು ಬೆಳಿಗ್ಗೆ ತಿಳಿದ ಎರಡೇ ವಿಷಯ. ಅವನ್ನೇ ‘ಈ ಒಂದು’, ‘ಎಲ್ಲೋ ಒಂದು ಕಡೆ’, ‘ಅನ್ನುವಂಥದ್ದು’ ಸೇರಿಸಿ ಹಿಗ್ಗಿಸದೆ ಬೇರೆ ದಾರಿಯಿಲ್ಲ. ಆ ಹುಡುಗನನ್ನು ನಾನು ಬೈಯಲಾರೆ. ಹೇಳಲು ಏನೂ ಇಲ್ಲದಾಗಲೂ ಅವನನ್ನು ಮಾತಾಡಿಸುವ ಏರ್ಪಾಟೇ ತಪ್ಪು. ಈಗ ಆ ಚಾಳಿ ವಾಹಿನಿಯಿಂದ ಇಳಿದು ಸಚಿವರ ಪತ್ರಿಕಾಗೋಷ್ಠಿಗೆ, ಕಾಲೇಜಿನ ಭಾಷಣ ಸ್ಪರ್ಧೆಗೆ ಬಂದಿದೆ. ಚೆನ್ನಾಗಿ ಮಾತಾಡುವುದೆಂದರೆ ಹೀಗೇ ಇರಬೇಕು ಎಂದು ಮಕ್ಕಳು ನಂಬಿಬಿಟ್ಟಿದ್ದಾರೆ. ನನಗೆ ಹೆಚ್ಚು ಸಂಕಟವಾಗುವುದು ಅದಕ್ಕೆ.

ಸವೆದ ಮಾತುಗಳೆಲ್ಲ ಒಂದೇ ತೂಕದವಲ್ಲ. ‘ತುಂಬಲಾರದ ನಷ್ಟ’ ಎಂಬುದನ್ನು ಕಂಡರೆ ಹಲವರಿಗೆ ಸಿಟ್ಟು. ನನಗಿಲ್ಲ. ಸಾವಿನ ಮನೆಯಲ್ಲಿ ಹೊಸ ಮಾತು ಹುಡುಕುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಹಿರಿಯರು ಆಡಿಕೊಂಡು ಬಂದ ಮಾತೇ ಅಲ್ಲಿ ಕೈಹಿಡಿಯುತ್ತದೆ.

ಆದರೆ ಅಪಘಾತದ ವರದಿಯಲ್ಲಿ ಬರುವ ‘ಚಾಲಕನ ನಿಯಂತ್ರಣ ತಪ್ಪಿ’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಿ. ಕಾರು ಹಳ್ಳಕ್ಕೆ ಬಿದ್ದರೂ, ಲಾರಿಗೆ ಗುದ್ದಿದರೂ, ಮರಕ್ಕೆ ಬಡಿದರೂ ಇದೊಂದೇ ಕಾರಣ. ನಿಯಂತ್ರಣ ತಪ್ಪಿದ್ದು ಹೌದು, ತಪ್ಪಿದ್ದರಿಂದಲೇ ಅಪಘಾತವಾಯಿತು. ತಪ್ಪಿದ್ದೇಕೆ? ತಿರುವಿನಲ್ಲಿ ಎಚ್ಚರಿಕೆಯ ಫಲಕ ಇತ್ತೇ? ರಸ್ತೆಯುಬ್ಬಿಗೆ ಬಣ್ಣ ಬಳಿದಿದ್ದರೇ? ಕೆಟ್ಟು ನಿಂತ ಲಾರಿಯ ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇತ್ತೇ? ಚಾಲಕ ನಿದ್ದೆ ಮಾಡಿ ಎಷ್ಟು ಹೊತ್ತಾಗಿತ್ತು? ಆ ಮೂರು ಪದ ಈ ಪ್ರಶ್ನೆಗಳನ್ನೆಲ್ಲ ಮುಚ್ಚಿಹಾಕುತ್ತವೆ. ಚಾಲಕ ಸತ್ತಿದ್ದರೆ ಇಡೀ ಹೊಣೆ ಅವನ ತಲೆಗೆ. ಮೇಲೆ ‘ಜವರಾಯನ ಅಟ್ಟಹಾಸ’ ಎಂಬ ಶೀರ್ಷಿಕೆ ಬಂದರೆ ರಸ್ತೆ ಮಾಡಿದವರ ಕಡೆಗೆ ಓದುಗರ ಕಣ್ಣು ಹೋಗುವುದೇ ಇಲ್ಲ.

ಮಳೆಯ ಸುದ್ದಿಯಲ್ಲಿ ಜವರಾಯನ ಜಾಗಕ್ಕೆ ವರುಣ ಬರುತ್ತಾನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಮಳೆ ಜೋರಾಗಿಯೇ ಬಂದಿತ್ತು. ಆದರೆ ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಗಳು ಒತ್ತುವರಿಯಾಗಿದ್ದವು, ತಗ್ಗಿನ ಜಾಗದಲ್ಲಿ ಬಡಾವಣೆಗಳು ಎದ್ದಿದ್ದವು. ಇದನ್ನು ಬರೆದ ವರದಿಗಾರರೂ ಇದ್ದರು, ಅವರಿಗೆ ನನ್ನ ಗೌರವ. ‘ವರುಣನ ಆರ್ಭಟಕ್ಕೆ ತತ್ತರಿಸಿದ ಜನ’ ಎಂದು ಬರೆದು ಮುಗಿಸಿದರೆ ನಕ್ಷೆಗೆ ಸಹಿ ಹಾಕಿದವರನ್ನು ಯಾರೂ ಕೇಳಬೇಕಾಗಿಲ್ಲ.

ಕನ್ನಡದ ಓದುಗರಿಗೆ ಪದದ ರುಚಿ ಗೊತ್ತಿಲ್ಲ ಎನ್ನುವಂತಿಲ್ಲ. ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ ವರ್ಷಗಟ್ಟಲೆ ನಡೆದದ್ದೇ ಓದುಗರು ಪದಗಳ ಬಗ್ಗೆ ಪ್ರಶ್ನೆ ಕೇಳುತ್ತಾ ಹೋದದ್ದರಿಂದ. ಪಾ.ವೆಂ. ಆಚಾರ್ಯರು ಒಂದೊಂದು ಪದದ ಹುಟ್ಟು, ತಿರುವು ಕೆದಕಿ ಬರೆದದ್ದನ್ನು ಜನ ಇಷ್ಟಪಟ್ಟು ಓದಿದರು. ಈ ಓದುಗರಿಗೆ ನೇರ ವಾಕ್ಯ ಕೊಟ್ಟರೆ ಸಪ್ಪೆಯಾದೀತು ಎಂಬ ಅಂಜಿಕೆ ಡೆಸ್ಕಿನಲ್ಲಿ ಕೂತವರಿಗೆ ಯಾಕೋ ಕಾಣೆ.

ಊರಿನ ಸಮಸ್ಯೆಯ ವರದಿಗಳಿಗೆಲ್ಲ ಒಂದೇ ಕೊನೆಯ ಸಾಲು: ‘ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸಬೇಕಿದೆ.’ ಯಾರು ಆ ಸಂಬಂಧಪಟ್ಟವರು? ಕೆಟ್ಟ ರಸ್ತೆ ಗ್ರಾಮ ಪಂಚಾಯಿತಿಯದಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಲೋಕೋಪಯೋಗಿ ಇಲಾಖೆಯದಾದರೆ ಅದರ ಎಂಜಿನಿಯರು, ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರ. ರಸ್ತೆ ಯಾರದೆಂದು ಪತ್ತೆ ಮಾಡುವುದೇ ವರದಿಗಾರನ ಅರ್ಧ ಕೆಲಸ. ಆ ಸಾಲನ್ನು ಹೊಡೆದುಹಾಕಿ, ಅಲ್ಲಿ ಇಲಾಖೆಯ ಹೆಸರು, ದುರಸ್ತಿಗೆ ಹಣ ಮಂಜೂರಾಗಿದೆಯೋ ಇಲ್ಲವೋ ಎಂಬ ಮಾಹಿತಿ, ಟೆಂಡರು ಯಾವ ಹಂತದಲ್ಲಿದೆ ಎಂಬ ವಿವರ ಬರೆಯಲಿ. ಮರುದಿನ ಊರಿನವರು ಪತ್ರಿಕೆಯ ಆ ತುಣುಕು ಹಿಡಿದುಕೊಂಡು ಯಾವ ಕಚೇರಿಗೆ ಹೋಗಬೇಕೋ ಅಲ್ಲಿಗೇ ಹೋಗಬಹುದು.