ಬೆನ್ನಟ್ಟಿದ ಸೇನೆಯೂ ನಕ್ಕ ಲಾವಣಿಯೂ

1916ರ ಮಾರ್ಚ್ 9ರಂದು ಮೆಕ್ಸಿಕೋದ ಕ್ರಾಂತಿನಾಯಕ ಪಾಂಚೊ ವಿಯಾನ ಪಡೆ ಗಡಿ ದಾಟಿ ಅಮೆರಿಕದ ಕೊಲಂಬಸ್ ಪಟ್ಟಣಕ್ಕೆ ಬೆಂಕಿಯಿಟ್ಟಿತು. ಆತನನ್ನು ಹಿಡಿಯಲು ಜನರಲ್ ಪರ್ಶಿಂಗ್ ಮೆಕ್ಸಿಕೋವನ್ನು ಹೊಕ್ಕನು. ಸೇನೆ ಕ್ರಮೇಣ 10,000ದಷ್ಟಾಯಿತು; ಆದರೂ 1917ರ ಫೆಬ್ರವರಿಯಲ್ಲಿ ಅದು ಬರಿಗೈಯಲ್ಲಿ ಮರಳಿತು.

ಈ ದಂಡಯಾತ್ರೆಯನ್ನು ಗೇಲಿಮಾಡುವ ‘ಲಾ ಪೆರ್ಸೆಕುಸಿಯೋನ್ ದೆ ವಿಯಾ’ ಒಂದು ಕೊರಿಡೊ, ಅಂದರೆ ಮೆಕ್ಸಿಕನ್ನರ ಲಾವಣಿ. ಅದರ ಜೀವಾಳ ಹಾಸ್ಯ. ಪರ್ಶಿಂಗನ 8 ವಿಮಾನಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಕೆಟ್ಟುಹೋದವು. ಹಾಡಿನಲ್ಲಾದರೋ ವಿಮಾನಗಳ ಒಡೆಯ ವಿಯಾನೇ! ಬಲಾಢ್ಯರ ಆಯುಧವನ್ನು ಕಲ್ಪನೆಯಲ್ಲಿ ಕಸಿದುಕೊಳ್ಳುವ ಈ ಜಾಣ್ಮೆಯೇ ಲಾವಣಿಯ ಕಾವ್ಯಗುಣ.

ಆದರೆ ಈ ನಗೆಗೆ ಮಿತಿಯಿದೆ. 1915ರ ಡಿಸೆಂಬರಿನಲ್ಲಿ ಸಾನ್ ಪೆದ್ರೊ ದೆ ಲಾ ಕುಯೇವಾ ಎಂಬ ಮೆಕ್ಸಿಕೋದ ಹಳ್ಳಿಯಲ್ಲೇ ವಿಯಾ ಗಂಡಸರನ್ನು ಹಿಡಿದು ಕೊಲ್ಲಿಸಿದ್ದನು. ಹಾಡಿನಲ್ಲಿ ಅವರಿಗೆ ಸ್ಥಳವಿಲ್ಲ. ಪರದೇಶದ ಸೇನೆ ಕಾಲಿಟ್ಟೊಡನೆ ಅವನ ಕ್ರೌರ್ಯ ಮರೆಯಾಗಿ, ಅವನು ನಾಡಿನ ಮಾನದ ಪ್ರತೀಕನಾದನು. ಹಿಡಿಯಬಂದವರೇ ಅವನನ್ನು ಹಾಡಿಗೆ ಏರಿಸಿದರು.

ವೀರನನ್ನು ಕೊಂಡಾಡುವ ಲಾವಣಿಯನ್ನು ಸವಿಯೋಣ. ಅದು ಯಾರ ಸಾವನ್ನು ಹಾಡದೆ ಬಿಟ್ಟಿತೆಂದು ಕೇಳುವುದೂ ಸಹೃದಯರ ಕರ್ತವ್ಯವೇ.